ಮಾರ್ಗರೆಟ್ ಕಸಿನ್ಸ್

ಕಸಿನ್ಸ್, ಮಾರ್ಗರೆಟ್ ಎಲಿಜಬೆತ್ (1878–1954). ಐರ್ಲೆಂಡಿನಲ್ಲಿ ಹುಟ್ಟಿ ಭಾರತದಲ್ಲಿ ನೆಲೆನಿಂತ ಶಿಕ್ಷಕಿ, ಸಂಗೀತಜ್ಞೆ. ಎರಡೂ ದೇಶಗಳಲ್ಲಿ ಹೆಂಗಸರ ಮತದ ಹಕ್ಕಿಗಾಗಿ ದುಡಿದವರು. ಎರಡೂ ದೇಶಗಳಲ್ಲಿ ಸೆರೆಮನೆ ಕಂಡವರು. ಭಾರತೀಯ ಮಹಿಳಾ ಸಂಘ ಮತ್ತು ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದ್ದರಲ್ಲಿ ಇವರದು ಮುಖ್ಯ ಪಾತ್ರ. ಜನಗಣಮನಕ್ಕೆ ಸ್ವರಲಿಪಿ ಬರೆದವರೆಂದು ಇವರ ಹೆಸರು ಆಗಾಗ ಕೇಳಿಬರುತ್ತದೆ. ಆದರೆ ಹೆಣ್ಣುಮಕ್ಕಳ ಶಾಲೆಗೆಂದು ಇವರು ಬರೆದ ಒಂದು ಅರ್ಜಿಯಿಂದಲೇ ಈ ದೇಶದಲ್ಲಿ ಮಹಿಳಾ ಮತದಾನದ ಬೇಡಿಕೆ ಶುರುವಾಯಿತೆಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ.

ಹುಟ್ಟಿದ್ದು 1878ರ ನವೆಂಬರ್ 7ರಂದು, ರೋಸ್‌ಕಾಮನ್ ಜಿಲ್ಲೆಯ ಬಾಯ್ಲ್ ಎಂಬ ಊರಿನಲ್ಲಿ. ಮನೆತನದ ಹೆಸರು ಗಿಲೆಸ್ಪಿ. ಮಕ್ಕಳು ತುಂಬಿದ್ದ ಆ ಮೆಥಡಿಸ್ಟ್ ಮನೆಗೆ ಇವರೇ ಹಿರಿಯ ಮಗಳು. ವಿದ್ಯಾರ್ಥಿವೇತನ ಪಡೆದು ಡೆರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿ, ಮುಂದೆ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿ ಆಫ್ ಮ್ಯೂಸಿಕ್ ಸೇರಿದರು. 1902ರಲ್ಲಿ ಸಂಗೀತದ ಪದವಿ ದೊರೆಯಿತು. ಪಾಠ ಹೇಳುವುದೇ ಜೀವನೋಪಾಯವಾಯಿತು. 1903ರಲ್ಲಿ ಕವಿಯೂ ಶಿಕ್ಷಕರೂ ಆಗಿದ್ದ ಜೇಮ್ಸ್ ಕಸಿನ್ಸ್ ಅವರನ್ನು ಮದುವೆಯಾದರು. ಗಂಡಹೆಂಡಿರಿಬ್ಬರೂ ಸಸ್ಯಾಹಾರಿಗಳು, ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದ ಒಲವುಳ್ಳವರು.

1906ರಲ್ಲಿ ಮ್ಯಾಂಚೆಸ್ಟರಿನ ಮಹಿಳಾ ಸಮಾವೇಶಕ್ಕೆ ಹೋಗಿಬಂದ ಮೇಲೆ ಮಾರ್ಗರೆಟ್ ಹೆಂಗಸರ ಹಕ್ಕುಗಳ ಚಳವಳಿಗೆ ಧುಮುಕಿದರು. 1908ರಲ್ಲಿ ಹ್ಯಾನಾ ಶೀಹಿ ಸ್ಕೆಫಿಂಗ್ಟನ್ ಅವರೊಡನೆ ಐರಿಷ್ ವಿಮೆನ್ಸ್ ಫ್ರಾಂಚೈಸ್ ಲೀಗ್ ಕಟ್ಟಿದರು. 1910ರಲ್ಲಿ ಡಬ್ಲಿನ್ನಿನಿಂದ ಲಂಡನ್ನಿಗೆ ಹೋದ ನಿಯೋಗದಲ್ಲಿದ್ದು ಪ್ರತಿಭಟನೆಯಲ್ಲಿ ಬಂಧಿತರಾಗಿ, ಹಾಲೊವೇ ಸೆರೆಮನೆಯಲ್ಲಿ ಒಂದು ತಿಂಗಳು ಕಳೆದರು. ಐರ್ಲೆಂಡಿಗೆ ಸ್ವಯಮಾಡಳಿತ ಕೊಡಲು ಹೊರಟ ಮಸೂದೆಯಲ್ಲಿ ಹೆಂಗಸರಿಗೆ ಮತವಿರಲಿಲ್ಲ. ಅದನ್ನು ಖಂಡಿಸಿ 1913ರ ಜನವರಿಯಲ್ಲಿ ಡಬ್ಲಿನ್ ಕೋಟೆಯ ಕಿಟಕಿ ಗಾಜುಗಳನ್ನು ಒಡೆದರು. ಮತ್ತೆ ಒಂದು ತಿಂಗಳ ಶಿಕ್ಷೆ, ಈ ಸಲ ಟಲಮೋರ್ ಜೈಲು. ತಮ್ಮನ್ನು ರಾಜಕೀಯ ಕೈದಿಗಳೆಂದು ಕಾಣಬೇಕೆಂದು ಅಲ್ಲಿ ಸಂಗಾತಿಗಳೊಡನೆ ಉಪವಾಸ ಹೂಡಿದರು. ಮಕ್ಕಳಿಗೆ ಪಿಯಾನೊ ಕಲಿಸುವ ಕೈ ಕಲ್ಲೆತ್ತಿಕೊಳ್ಳಬೇಕಾಗಿ ಬಂದದ್ದು ಆ ಕಾಲದ ಆಳುವವರ ಕಿವುಡನ್ನು ಹೇಳುತ್ತದೆ.

1915ರ ಕೊನೆಗೆ ದಂಪತಿ ಭಾರತಕ್ಕೆ ಬಂದರು. ಥಿಯಾಸಫಿಯ ನಾಯಕಿ ಆನಿ ಬೆಸೆಂಟರ 'ನ್ಯೂ ಇಂಡಿಯಾ' ಪತ್ರಿಕೆಯಲ್ಲಿ ಜೇಮ್ಸ್‌ಗೆ ಕೆಲಸ. 1916ರ ಐರಿಷ್ ದಂಗೆಯನ್ನು ಹೊಗಳಿ ಬರೆದ ಲೇಖನದಿಂದ ಆ ಕೆಲಸ ಹೋಯಿತು. ಬೆಸೆಂಟರೇ ಅವರನ್ನು ಇಂದಿನ ಆಂಧ್ರಪ್ರದೇಶದಲ್ಲಿರುವ ಮದನಪಲ್ಲಿಯ ಥಿಯಾಸಫಿಕಲ್ ಕಾಲೇಜಿಗೆ ಕಳುಹಿಸಿದರು. ಮಾರ್ಗರೆಟ್ ಅಲ್ಲಿ ಇಂಗ್ಲಿಷ್ ಕಲಿಸತೊಡಗಿದರು. ಊರಿನ ಹೆಂಗಸರನ್ನು ಒಂದೆಡೆ ಸೇರಿಸಿ 'ಅಬಲಾ ಅಭಿವರ್ಧಿನೀ ಸಮಾಜ' ಎಂಬ ಕೂಟವನ್ನೂ ನಡೆಸಿದರು. ಅಂಥ ಕೂಟಗಳನ್ನು ಊರೂರಿನಲ್ಲಿ ಬೆಳೆಸಬೇಕೆಂಬ ಯೋಚನೆ 1917ರ ಮೇ ತಿಂಗಳಲ್ಲಿ ಮದರಾಸಿನ ಅಡ್ಯಾರಿನಲ್ಲಿ ರೂಪ ಪಡೆಯಿತು. ಮಾರ್ಗರೆಟ್, ಡೊರೊತಿ ಜಿನರಾಜದಾಸ, ಆನಿ ಬೆಸೆಂಟ್ ಮೊದಲಾದವರು ಸೇರಿ ಭಾರತೀಯ ಮಹಿಳಾ ಸಂಘವನ್ನು ಸ್ಥಾಪಿಸಿದರು. 'ಸ್ತ್ರೀಧರ್ಮ' ಸಂಘದ ಪತ್ರಿಕೆ. ಅದರ ಸಂಪಾದನೆಯಲ್ಲಿ ಮಾರ್ಗರೆಟ್ ದೀರ್ಘಕಾಲ ದುಡಿದರು.

ಅದೇ ವರ್ಷ ಭಾರತ ಸಚಿವ ಎಡ್ವಿನ್ ಮಾಂಟೆಗು ರಾಜಕೀಯ ಸುಧಾರಣೆಗಳ ವಿಚಾರವಾಗಿ ಅಹವಾಲು ಕೇಳಲು ದೇಶಕ್ಕೆ ಬಂದರು. ಹೆಣ್ಣುಮಕ್ಕಳಿಗೆ ಶಿಕ್ಷಣ ಬೇಕೆಂದು ಕೇಳಲು ಹೆಂಗಸರ ನಿಯೋಗವೊಂದಕ್ಕೆ ಭೇಟಿ ಕೊಡಬೇಕೆಂದು ಮಾರ್ಗರೆಟ್ ಅರ್ಜಿ ಹಾಕಿದರು. ರಾಜಕೀಯ ವಿಷಯಗಳಿಗಷ್ಟೇ ಅವಕಾಶವೆಂದು ಅಧಿಕಾರಿಗಳಿಂದ ಉತ್ತರ ಬಂತು. ಮತ್ತೊಬ್ಬರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರೇನೊ. ಐರ್ಲೆಂಡಿನಲ್ಲಿ ಪಳಗಿದ್ದ ಈ ಶಿಕ್ಷಕಿ, ಹಾಗಾದರೆ ರಾಜಕೀಯವನ್ನೇ ಕೇಳೋಣವೆಂದು ಮತದ ಹಕ್ಕನ್ನು ಅರ್ಜಿಗೆ ಸೇರಿಸಿದರು. 1917ರ ಡಿಸೆಂಬರ್ 18ರಂದು ಸರೋಜಿನಿ ನಾಯ್ಡು ಅವರ ಮುಂದಾಳುತನದಲ್ಲಿ ನಿಯೋಗ ಮದರಾಸಿನಲ್ಲಿ ಮಾಂಟೆಗುವನ್ನು ಕಂಡಿತು. ಪ್ರಜೆಗಳು ಎಂಬ ಮಾತಿನಲ್ಲಿ ಹೆಂಗಸರೂ ಸೇರಬೇಕು, ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ಅನರ್ಹರೆನ್ನಬಾರದು ಎಂಬುದು ಮನವಿಯ ತಿರುಳು. ಶಾಲೆಯ ಬೇಡಿಕೆಯೂ ಅದರಲ್ಲಿ ಉಳಿದುಕೊಂಡಿತ್ತು. ಮಾರ್ಗರೆಟ್ ಪಾಲಿಗೆ ಅವೆರಡೂ ಬೇರೆಬೇರೆಯಾಗಿರಲಿಲ್ಲ.

ಬೇಡಿಕೆ ಕೂಡಲೇ ಕೈಗೂಡಲಿಲ್ಲ. ಮತಾಧಿಕಾರವನ್ನು ಪರಿಶೀಲಿಸಿದ ಸೌತ್‌ಬರೊ ಸಮಿತಿ ಅದಕ್ಕೆ ಒಪ್ಪಲಿಲ್ಲ. 1919ರ ಕಾಯಿದೆ ತೀರ್ಮಾನವನ್ನು ಪ್ರಾಂತೀಯ ಶಾಸನಸಭೆಗಳಿಗೆ ಬಿಟ್ಟಿತು. 1921ರಲ್ಲಿ ಮದರಾಸು ಪ್ರಾಂತ್ಯ ಒಪ್ಪಿತು, ಮುಂಬಯಿ ಅದನ್ನು ಅನುಸರಿಸಿತು. ಗಂಡಸರಿಗಿದ್ದ ಆಸ್ತಿ, ತೆರಿಗೆಗಳ ನಿಯಮ ಹೆಂಗಸರಿಗೂ ಅನ್ವಯಿಸಿದ್ದರಿಂದ ಮತ ದೊರೆತದ್ದು ಬೆರಳೆಣಿಕೆಯವರಿಗೆ. ಹೆಸರಿನಲ್ಲಿ ಆಸ್ತಿಯೇ ಇಲ್ಲದ ಹೆಣ್ಣಿಗೆ ಆ ಗೆಲುವು ತಲುಪಲಿಲ್ಲ.

ಕನ್ನಡ ನಾಡಿನೊಡನೆ ಕಸಿನ್ಸ್ ದಂಪತಿಯ ನಂಟು ಗಟ್ಟಿಯಾದದ್ದು. 1919–20ರಲ್ಲಿ ಮಾರ್ಗರೆಟ್ ಮಂಗಳೂರಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮೊದಲ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿದ್ದು ಮಾರ್ಗರೆಟ್ ಅವರ ಒತ್ತಾಸೆಯಿಂದ. ಹೆಂಗಸರು ಚುನಾವಣೆಗೆ ನಿಲ್ಲಬಹುದೆಂಬ ನಿಯಮ ಬಂದದ್ದೇ ತಡವಾಗಿ. ಪ್ರಚಾರಕ್ಕೆ ಸಿಕ್ಕದ್ದು ಕೆಲವೇ ದಿನ. ಕಮಲಾದೇವಿ ಸೋತರು, ಆದರೆ ಬಹಳ ಕಡಿಮೆ ಅಂತರದಿಂದ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ 1924ರಲ್ಲಿ ರೂಪುಗೊಳ್ಳಲು ಜೇಮ್ಸ್ ನೆರವಾದರು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯಿರಿ ಎಂದು ಹೇಳಿದವರೂ ಇದೇ ಜೇಮ್ಸ್.

ರವೀಂದ್ರನಾಥ ಠಾಕೂರರು 1919ರ ಫೆಬ್ರವರಿಯಲ್ಲಿ ಮದನಪಲ್ಲಿಯ ಕಾಲೇಜಿನಲ್ಲಿ ಕೆಲದಿನ ತಂಗಿದ್ದರು. ಅಲ್ಲಿ ಅವರು ಹಾಡಿದ ಜನಗಣಮನ ಎಲ್ಲರ ಮನಸ್ಸು ಸೆಳೆಯಿತು. ಮಾರ್ಗರೆಟ್ ಆ ಧಾಟಿಯನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದುಕೊಂಡರು. ಠಾಕೂರರು ಹಾಡಿನ ಇಂಗ್ಲಿಷ್ ಅನುವಾದ ಮಾಡಿಕೊಟ್ಟರು.

1920ರ ದಶಕದ ಮೊದಲಲ್ಲಿ ಮಾರ್ಗರೆಟ್ ಮದರಾಸಿನಲ್ಲಿ ಗೌರವ ಮ್ಯಾಜಿಸ್ಟ್ರೇಟರಾಗಿ ನೇಮಕಗೊಂಡರು. ಈ ದೇಶದಲ್ಲಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಇವರು. ಮಕ್ಕಳ ಹಿತಕ್ಕಾಗಿ ಇವರು ಮಾಡಿದ ಅತಿ ದೊಡ್ಡ ಕೆಲಸ ಮಾತ್ರ ನ್ಯಾಯಪೀಠದ ಮೇಲೆ ಕುಳಿತು ಮಾಡಿದ್ದಲ್ಲ, ಪತ್ರಗಳ ಮೂಲಕ ನಡೆದದ್ದು. ಹೆಣ್ಣುಮಕ್ಕಳಿಗೆ ಎಂಥ ಶಿಕ್ಷಣ ಬೇಕೆಂದು ಹೆಂಗಸರೇ ಒಕ್ಕೊರಲಿನಿಂದ ಹೇಳಲಿ ಎಂದು ಬಂಗಾಳದ ವಿದ್ಯಾ ಇಲಾಖೆಯ ನಿರ್ದೇಶಕರು 1926ರಲ್ಲಿ ಒಂದು ಸಭೆಯಲ್ಲಿ ಅಂದಿದ್ದರು. ಆ ಮಾತನ್ನು ಹಿಡಿದು ಮಾರ್ಗರೆಟ್ ದೇಶದ ಮೂಲೆಮೂಲೆಯ ಮಹಿಳೆಯರಿಗೆ ಕಾಗದ ಬರೆದರು: ನಿಮ್ಮಲ್ಲಿ ಸಭೆ ಸೇರಿ, ಚರ್ಚಿಸಿ, ಪ್ರತಿನಿಧಿಗಳನ್ನು ಕಳುಹಿಸಿ. 1927ರ ಜನವರಿಯಲ್ಲಿ ಪುಣೆಯಲ್ಲಿ ಬರೋಡದ ಮಹಾರಾಣಿ ಚಿಮಣಾಬಾಯಿಯವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹೀಗೆ ಕೂಡಿತು.

ಶಿಕ್ಷಣವನ್ನು ಚರ್ಚಿಸಲು ಸೇರಿದ ಆ ಸಭೆ ಬಾಲ್ಯವಿವಾಹದ ವಿರುದ್ಧವೂ ನಿರ್ಣಯ ಮಾಡಿತು. ಹತ್ತು ಹನ್ನೆರಡು ವರ್ಷಕ್ಕೆ ತಾಳಿ ಬಿದ್ದರೆ ಹುಡುಗಿ ಶಾಲೆಗೆ ಬರುವುದೆಲ್ಲಿಂದ? ಪಾಠ ಹೇಳಿದವರಿಗೆ ಇದನ್ನು ವಿವರಿಸಬೇಕಿರಲಿಲ್ಲ. ನಡುವರ್ಷದಲ್ಲಿ ಬರಿದಾಗುವ ಮಣೆಗಳನ್ನು ಅವರು ಕಂಡಿದ್ದರು. ಸಮ್ಮೇಳನವೂ ಮಹಿಳಾ ಸಂಘವೂ ಊರೂರಲ್ಲಿ ಜನಾಭಿಪ್ರಾಯ ಕೂಡಿಸಿದವು. 1929ರಲ್ಲಿ ಶಾರದಾ ಕಾಯಿದೆ ಅಂಗೀಕಾರವಾಗಿ ಮದುವೆಗೆ ಹುಡುಗಿಗೆ 14, ಹುಡುಗನಿಗೆ 18 ವರ್ಷ ತುಂಬಿರಬೇಕೆಂದಾಯಿತು. ಮದರಾಸು ಶಾಸನಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದಾಗ ಅವರ ಬೆನ್ನಿಗೆ ಇದ್ದದ್ದೂ ಮಹಿಳಾ ಸಂಘವೇ. ಗೃಹವಿಜ್ಞಾನ ಮತ್ತು ಶಿಕ್ಷಕಿಯರ ತರಬೇತಿಗಾಗಿ 1932ರಲ್ಲಿ ದೆಹಲಿಯಲ್ಲಿ ತೆರೆದ ಲೇಡಿ ಇರ್ವಿನ್ ಕಾಲೇಜು ಸಮ್ಮೇಳನದ ಪ್ರಯತ್ನದ ಫಲ.

1931ರ ಜನವರಿಯಲ್ಲಿ ಲಾಹೋರಿನಲ್ಲಿ ಏಷ್ಯಾದ ಮಹಿಳೆಯರ ಸಮ್ಮೇಳನ ನಡೆಯಿತು. ಅದರ ಹಿಂದಿನ ದುಡಿಮೆ ಬಹುಪಾಲು ಮಾರ್ಗರೆಟ್ ಅವರದು. ಮರುವರ್ಷ ಸರ್ಕಾರದ ದಮನಕಾರಿ ಕಾನೂನುಗಳನ್ನು ಮದರಾಸಿನಲ್ಲಿ ಬಹಿರಂಗವಾಗಿ ಖಂಡಿಸಿದರು. ಅದಕ್ಕೆ ಒಂದು ವರ್ಷದ ಸಜೆಯಾಗಿ ವೆಲ್ಲೂರು ಜೈಲಿಗೆ ಹೋದರು. 1936ರಲ್ಲಿ ಮಹಿಳಾ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅಷ್ಟರಲ್ಲಿ ಮುಂದಾಳುತನ ಭಾರತೀಯ ಮಹಿಳೆಯರ ಕೈಗೆ ಬಂದಿತ್ತು. ಹಾಗೆಯೇ ಇರಬೇಕೆಂದು ತಿಳಿದು ಇವರು ಪಕ್ಕಕ್ಕೆ ಸರಿದರು. ಈ ವಿವೇಕ ಹೊರಗಿನಿಂದ ಬಂದ ಸುಧಾರಕರೆಲ್ಲರಲ್ಲೂ ಕಾಣುವಂಥದಲ್ಲ.

ಏಷ್ಯಾದ ಸ್ತ್ರೀಯರ ಎಚ್ಚರದ ಬಗ್ಗೆ 1922ರಲ್ಲಿ, ಪೂರ್ವ ಪಶ್ಚಿಮಗಳ ಸಂಗೀತದ ಬಗ್ಗೆ 1935ರಲ್ಲಿ ಪುಸ್ತಕ ಬರೆದರು. ಪತಿಯೊಡನೆ ಬರೆದ ಜಂಟಿ ಆತ್ಮಕಥೆ 'ವಿ ಟು ಟುಗೆದರ್' 1950ರಲ್ಲಿ ಹೊರಬಂತು. ಅದಕ್ಕೂ ಮುಂಚೆ, 1940ರ ದಶಕದಲ್ಲಿ, ಪಾರ್ಶ್ವವಾಯು ಬಡಿದು ಅವರು ಹಾಸಿಗೆ ಹಿಡಿದಿದ್ದರು. ಮದರಾಸು ಸರ್ಕಾರ ಧನಸಹಾಯ ನೀಡಿ ಅವರ ಸೇವೆಯನ್ನು ಗೌರವಿಸಿತು. ಆಸ್ತಿಯ ಹಂಗಿಲ್ಲದೆ ವಯಸ್ಕ ಹೆಂಗಸರೆಲ್ಲರಿಗೂ ಮತವಿದ್ದ 1951–52ರ ಮೊದಲ ಮಹಾಚುನಾವಣೆ ನಡೆದಾಗ ಮಾರ್ಗರೆಟ್ ಬದುಕಿದ್ದರು. 1954ರ ಮಾರ್ಚ್ 11ರಂದು ಅಡ್ಯಾರಿನಲ್ಲಿ ತೀರಿಕೊಂಡರು. ಎರಡು ವರ್ಷದ ಮೇಲೆ ಜೇಮ್ಸ್ ಮದನಪಲ್ಲಿಯಲ್ಲಿ ಕಣ್ಣುಮುಚ್ಚಿದರು.