ಹೊನ್ನಾವರ: ಹೊಲವಿಲ್ಲದವರ ಊರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರಾದ ನಮಗೆ ನೀರೆಂದರೆ ಸೂಳೆಕೆರೆ, ತುಂಗಭದ್ರೆ, ಇಲ್ಲವೇ ಬೋರ್‌ವೆಲ್. ಸಮುದ್ರ ನೋಡಬೇಕೆಂದರೆ ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರಕ್ಕೆ ಹೋಗುತ್ತೇವೆ. ಕಾಸರಕೋಡು ಬೀಚಿನಲ್ಲಿ ಫೋಟೊ, ಒಂದು ಮೀನೂಟ, ಸಂಜೆಗೆ ವಾಪಸ್ ಬಸ್ಸು. ಊರಿನ ಚರಿತ್ರೆ ಕೇಳುವಷ್ಟು ಹೊತ್ತು ಯಾರಿಗಿದೆ?

1342ರ ಸುಮಾರಿಗೆ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ಇರುವುದನ್ನು ನೋಡಿ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಬರೆದ. ಇಲ್ಲಿಯ ಹೆಂಗಸರಿಗೆ ಕುರಾನ್ ಬಾಯಿಪಾಠವಿತ್ತಂತೆ. ಈ ಜನಕ್ಕೆ ಬೇಸಾಯದ ಭೂಮಿ ಇಲ್ಲ, ಸಮುದ್ರ ವ್ಯಾಪಾರವೇ ಬದುಕು ಎಂದೂ ಅವನು ಹೇಳಿದ್ದಾನೆ. ಹೊಲಮನೆಯ ಲೆಕ್ಕದಲ್ಲೇ ಬೆಳೆದ ನಮಗೆ ಶಾಲೆಗಳಿಗಿಂತ ಈ ಮಾತೇ ಹೆಚ್ಚು ಕಾಡಿತು.

ವ್ಯಾಪಾರದಲ್ಲಿ ದೊಡ್ಡದು ಕಾಳುಮೆಣಸು. ಘಟ್ಟದ ಮೆಣಸು ಗೇರುಸೊಪ್ಪೆಗೆ ಬಂದು, ಶರಾವತಿಯಲ್ಲಿ ದೋಣಿಯೇರಿ ಹೊನ್ನಾವರದ ಅಳಿವೆಗೆ ಇಳಿಯುತ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಮೆಣಸಿನ ರಾಣಿ ಎಂದು. 1569ರಲ್ಲಿ ಹೊನ್ನಾವರದ ಕೋಟೆ ಅವರ ಕೈಸೇರಿತು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಟಲಿಯ ಪಿಯತ್ರೊ ದೆಲ್ಲಾ ವಾಲ್ಲೆ ಇದೇ ನದಿಯಲ್ಲಿ ಮೇಲಕ್ಕೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ದಾರಿಯಲ್ಲಿ ಹನುಮಂತನ ಗುಡಿಯ ಜಗಲಿಯಲ್ಲಿ ಹುಡುಗರು ನೆಲದ ಮರಳ ಮೇಲೆ ಬೆರಳಿಂದ ಬರೆದು, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುವುದನ್ನು ನಿಂತು ನೋಡಿದ.

17ನೇ ಶತಮಾನದ ನಡುವೆ ಕೆಳದಿಯ ಶಿವಪ್ಪನಾಯಕ ಹೊನ್ನಾವರವನ್ನು ಪೋರ್ಚುಗೀಸರಿಂದ ಕಿತ್ತುಕೊಂಡ. ಅದೇ ಮನೆತನದ ಚೆನ್ನಮ್ಮಾಜಿಯಿಂದಲೇ ನಮ್ಮ ಚನ್ನಗಿರಿಗೆ ಹೆಸರು ಬಂತೆನ್ನುತ್ತಾರೆ. ಹಾಗೆ ನೋಡಿದರೆ ಈ ಕಡಲೂರು ನಮಗೆ ಪರಸ್ಥಳವೇನಲ್ಲ.

ಈಗ ಮೆಣಸಿನ ದೋಣಿಗಳಿಲ್ಲ, ಮೀನಿನ ಬೋಟುಗಳಿವೆ. ಅಳಿವೆಯ ದಕ್ಷಿಣಕ್ಕಿರುವ ಕಾಸರಕೋಡು ಟೊಂಕದಲ್ಲಿ ಹೆಂಗಸರು ಮರಳ ಮೇಲೆ ಮೀನು ಹರವಿ ಒಣಗಿಸುತ್ತಾರೆ. ನಮ್ಮ ಕಡೆ ಕಣದಲ್ಲಿ ಮೆಕ್ಕೆಜೋಳ ಹರವಿದಂತೆಯೇ. ವ್ಯತ್ಯಾಸವೆಂದರೆ ನಮ್ಮ ಹೊಲಕ್ಕೆ ಪಹಣಿ ಇರುತ್ತದೆ. ಖಾಸಗಿ ಬಂದರು ಯೋಜನೆ ಬಂದಿರುವುದು ಇದೇ ಟೊಂಕಕ್ಕೆ. ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಿದ್ದಾರೆ, ಪೊಲೀಸರ ಎದುರು ನಿಂತಿದ್ದಾರೆ. ಕಡಲಾಮೆಗಳು ಮೊಟ್ಟೆಯಿಡಲು ಬರುವುದೂ ಇಲ್ಲಿಗೇ.

2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಬೀಚು ಇರುವುದು ಇದೇ ಕಾಸರಕೋಡಿನಲ್ಲಿ. ನಮ್ಮ ಫೋಟೊಗಳೆಲ್ಲ ಅಲ್ಲಿಯವು. ಒಣಮೀನಿನ ಟೊಂಕದ್ದು ಒಂದೂ ಇಲ್ಲ.