ಕೈ ಉರಿಗೆ ಹುಟ್ಟಿದ ಗ್ಲೌಸ್
ಹೊಟ್ಟೆ ಆಪರೇಷನ್ ಅಂದ್ರೆ ನಮಗೆ ನೆನಪಿರೋದು ಸರ್ಜನ್ ಹೆಸರು ಮಾತ್ರ. ಪಕ್ಕದಲ್ಲಿ ನಿಂತು ಕತ್ತರಿ, ಕ್ಲ್ಯಾಂಪ್ ಕೈಗಿಡುವವರದ್ದು?

1889ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆ ಜಾಗದಲ್ಲಿದ್ದವರು ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್. ಕ್ರಿಮಿ ಸಾಯಿಸೋ ಪಾದರಸದ ದ್ರಾವಣದಲ್ಲಿ ದಿನಾ ಕೈ ಅದ್ದಿ ಅದ್ದಿ ಚರ್ಮ ಹಾಳಾಯ್ತು. ಸರ್ಜನ್ ಹಾಲ್‌ಸ್ಟೆಡ್ ಗುಡ್‌ಇಯರ್ ಕಂಪನಿಗೆ ಹೇಳಿ ತೆಳು ರಬ್ಬರ್ ಗ್ಲೌಸ್ ಮಾಡಿಸಿಕೊಟ್ಟರು. (1890ರಲ್ಲಿ ಅವರನ್ನೇ ಮದುವೆಯೂ ಆದರು, ಅದು ಬೇರೆ ಕಥೆ!) ತಮಾಷೆ ಅಂದ್ರೆ, ಗ್ಲೌಸ್ ಬಂದಿದ್ದು ರೋಗಿಗಲ್ಲ, ಅವರ ಕೈಗೆ. ಸರ್ಜನ್‌ಗಳು ತಾವೂ ಹಾಕಿಕೊಳ್ಳೋಕೆ ವರ್ಷಗಳೇ ಹಿಡಿದವು.

ಇವತ್ತು ಎಷ್ಟೋ ಕಡೆ ಆ ಜಾಗದಲ್ಲಿ ಓಟಿ ಟೆಕ್ನೀಷಿಯನ್ ಇರ್ತಾರೆ. ಹೊಟ್ಟೆ ಹೊಲಿಯೋ ಮುಂಚೆ ಬಟ್ಟೆ, ಸೂಜಿ ಎಲ್ಲಾ ಎಣಿಸ್ತಾರೆ. ಒಂದು ಬಟ್ಟೆ ಕಮ್ಮಿ ಬಂದ್ರೂ ಎಂಥಾ ದೊಡ್ಡ ಸರ್ಜನ್ ಆದ್ರೂ ಸೂಜಿ ಕೆಳಗಿಟ್ಟು ಹುಡುಕಬೇಕು.