ಮಂಗನ ಕಾಯಿಲೆಯಿಂದ ಚೇತರಿಕೆ

ಮಂಗನ ಕಾಯಿಲೆ (ಕ್ಯಾಸನೂರು ಅರಣ್ಯ ಕಾಯಿಲೆ) ಕರ್ನಾಟಕದ ಮಲೆನಾಡು ಹಾಗೂ ಅದಕ್ಕೆ ಹೊಂದಿಕೊಂಡ ಕರಾವಳಿ ತಾಲೂಕುಗಳಲ್ಲಿ ಕಂಡುಬರುವ, ಉಣುಗುಗಳ ಕಡಿತದಿಂದ ಹರಡುವ ವೈರಾಣು ಜ್ವರ. ಇದಕ್ಕೆ ತುತ್ತಾದವರಲ್ಲಿ ಕೆಲವರು ಎರಡು ವಾರಗಳಲ್ಲಿ ಗುಣಮುಖರಾಗುತ್ತಾರೆ; ಕೆಲವರಿಗೆ ಜ್ವರ ಮರುಕಳಿಸುತ್ತದೆ; ಇನ್ನು ಕೆಲವರು ತಿಂಗಳುಗಟ್ಟಲೆ ನಿಶ್ಶಕ್ತಿಯಿಂದ ಬಳಲುತ್ತಾರೆ. ಈ ವ್ಯತ್ಯಾಸಕ್ಕೆ ರೋಗಿಯ ವಯಸ್ಸು, ದೇಹಸ್ಥಿತಿ, ವಂಶವಾಹಿಗಳು, ರೋಗನಿರೋಧಕ ಶಕ್ತಿಯ ಪ್ರತಿಕ್ರಿಯೆ ಮತ್ತು ಚಿಕಿತ್ಸೆ ದೊರೆತ ಸಮಯ ಕಾರಣವಾಗುತ್ತವೆ.

ಹಿನ್ನೆಲೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ವಿಜ್ಞಾನಿಗಳು ಇದಕ್ಕೆ ಕಾರಣವಾದ ವೈರಾಣುವನ್ನು ಗುರುತಿಸಿದರು. ಇದು ಡೆಂಗಿ ವೈರಾಣುವಿನ ಕುಟುಂಬಕ್ಕೇ ಸೇರಿದ್ದು. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ, ಹೊನ್ನಾವರ, ಭಟ್ಕಳ, ಕುಮಟಾ ಮೊದಲಾದ ತಾಲೂಕುಗಳೂ ಈ ರೋಗದ ವಲಯದಲ್ಲಿವೆ. ಭಟ್ಕಳ ತಾಲೂಕಿನ ಕಾಯ್ಕಿಣಿಯಂತಹ ಊರುಗಳಿರುವ ಈ ಕರಾವಳಿ ಪಟ್ಟಿಯಲ್ಲಿ ಸಮುದ್ರಕ್ಕೂ ಘಟ್ಟದ ಕಾಡಿಗೂ ನಡುವಿನ ಅಂತರ ಬಹಳ ಕಡಿಮೆ. ದರಕು, ಸೊಪ್ಪು, ಸೌದೆ ತರಲು ಕಾಡಿಗೆ ಹೋಗುವವರಿಗೆ ಮತ್ತು ದನ ಮೇಯಿಸುವವರಿಗೆ ಅಪಾಯ ಹೆಚ್ಚು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮರಿ ಉಣುಗುಗಳು ಹೇರಳವಾಗಿರುವುದರಿಂದ ರೋಗವೂ ಅದೇ ಅವಧಿಯಲ್ಲಿ ಹೆಚ್ಚುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ರೋಗದ ಗತಿ

ಉಣುಗು ಕಡಿದ 3ರಿಂದ 8 ದಿನಗಳಲ್ಲಿ ಚಳಿ, ಜ್ವರ ಮತ್ತು ತಲೆನೋವು ಒಮ್ಮೆಲೇ ಆರಂಭವಾಗುತ್ತವೆ. ಅನಂತರ ತೀವ್ರ ಮೈಕೈ ನೋವು, ವಾಂತಿ, ಭೇದಿ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮೂಗು, ಒಸಡು ಅಥವಾ ಕರುಳಿನಲ್ಲಿ ರಕ್ತಸ್ರಾವವಾಗುತ್ತದೆ. ರಕ್ತದೊತ್ತಡ, ಬಿಳಿ ರಕ್ತಕಣ ಹಾಗೂ ಪ್ಲೇಟ್‌ಲೆಟ್‌ಗಳ ಸಂಖ್ಯೆ ಕುಸಿಯಬಹುದು.

ಒಂದೆರಡು ವಾರಗಳ ನಂತರ ಬಹುತೇಕರಲ್ಲಿ ಜ್ವರ ಇಳಿಯುತ್ತದೆ. ಆದರೆ ಶೇ. 10ರಿಂದ 20ರಷ್ಟು ರೋಗಿಗಳಲ್ಲಿ ಮೂರನೆಯ ವಾರದ ಆರಂಭದಲ್ಲಿ ಎರಡನೆಯ ಹಂತ ತಲೆದೋರುತ್ತದೆ. ಆಗ ಜ್ವರದೊಡನೆ ತೀವ್ರ ತಲೆನೋವು, ನಡುಕ, ಮನಸ್ಸಿನ ಗೊಂದಲ, ದೃಷ್ಟಿಯ ತೊಂದರೆ ಮುಂತಾದ ನರಸಂಬಂಧಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಜ್ವರ ಬಿಟ್ಟಿತೆಂದ ಮಾತ್ರಕ್ಕೆ ರೋಗ ಮುಗಿಯಿತೆಂದು ಭಾವಿಸಬಾರದು. ಸಾವಿನ ಪ್ರಮಾಣ ಸಾಮಾನ್ಯವಾಗಿ ಶೇ. 3ರಿಂದ 5.

ಚೇತರಿಕೆ ಭಿನ್ನವಾಗಲು ಕಾರಣಗಳು

ಮೊದಲ ಪ್ರತಿಕ್ರಿಯೆಯ ವೇಗ: ವೈರಾಣು ಹೊಕ್ಕ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತವೆ. ಈ ಪ್ರತಿಕ್ರಿಯೆ ತಡವಾದರೆ ವೈರಾಣು ಅಷ್ಟರೊಳಗೆ ಬಹುವಾಗಿ ವೃದ್ಧಿಯಾಗಿರುತ್ತದೆ. ಕೋವಿಡ್‌ನಿಂದ ಮಾರಣಾಂತಿಕ ನ್ಯುಮೋನಿಯಾಕ್ಕೆ ಒಳಗಾದವರಲ್ಲಿ ಸುಮಾರು ಶೇ. 10 ಮಂದಿಯ ದೇಹವು ತನ್ನದೇ ಇಂಟರ್‌ಫೆರಾನನ್ನು ತಡೆಯುವ ಪ್ರತಿಕಾಯಗಳನ್ನು ಹೊಂದಿತ್ತೆಂದು 2020ರಲ್ಲಿ ತಿಳಿದುಬಂದಿತು. ಇನ್ನೊಂದೆಡೆ, ಪ್ರತಿಕ್ರಿಯೆ ಮಿತಿಮೀರಿದರೆ ಅದರಿಂದಲೇ ಅಂಗಾಂಗಗಳಿಗೆ ಹಾನಿಯಾಗುತ್ತದೆ.

ವಂಶವಾಹಿಗಳು: ಡೆಂಗಿಯ ಕುಟುಂಬದ್ದೇ ಆದ ವೆಸ್ಟ್ ನೈಲ್ ವೈರಾಣುವಿನ ಸೋಂಕಿನಲ್ಲಿ, ಸಿಸಿಆರ್5 ಎಂಬ ಪ್ರೋಟೀನು ಹುಟ್ಟಿನಿಂದಲೇ ಇಲ್ಲದವರಿಗೆ ರೋಗಲಕ್ಷಣಗಳು ಕಾಣಿಸಿಕೊಳ್ಳುವ ಸಂಭವ ಹೆಚ್ಚು.

ಹಿಂದಿನ ಸೋಂಕು ಮತ್ತು ಲಸಿಕೆ: ಒಮ್ಮೆ ಎದುರಿಸಿದ ವೈರಾಣುವನ್ನು ದೇಹ ನೆನಪಿಟ್ಟುಕೊಳ್ಳುತ್ತದೆ. ಈ ನೆನಪು ಎಲ್ಲರಲ್ಲಿಯೂ ಒಂದೇ ಸಮನಾಗಿರುವುದಿಲ್ಲ. 2005ರಿಂದ 2010ರವರೆಗಿನ ಅವಧಿಯನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ ಮಂಗನ ಕಾಯಿಲೆಯ ಹಳೆಯ ಲಸಿಕೆಯ ಎರಡು ಡೋಸ್‌ಗಳ ಪರಿಣಾಮ ಸುಮಾರು ಶೇ. 62, ವರ್ಧಕ ಡೋಸ್ ಸೇರಿದಾಗ ಸುಮಾರು ಶೇ. 83 ಎಂದು ಕಂಡುಬಂದಿತು. ಈ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಡೆಂಗಿಯಲ್ಲಿ ಈ ನೆನಪು ಕೆಲವೊಮ್ಮೆ ಪ್ರತಿಕೂಲವಾಗುತ್ತದೆ: ಅದರ ನಾಲ್ಕು ಬಗೆಗಳಲ್ಲಿ ಒಂದರಿಂದ ಗುಣವಾದವರಿಗೆ ಇನ್ನೊಂದು ಬಗೆಯ ಸೋಂಕು ತಗುಲಿದಾಗ ರೋಗ ಉಲ್ಬಣಿಸಬಹುದು.

ವಯಸ್ಸು ಮತ್ತು ದೇಹಸ್ಥಿತಿ: ಹೆಪಟೈಟಿಸ್ ಎ ಮತ್ತು ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಮಕ್ಕಳಲ್ಲಿ ಸಾಮಾನ್ಯವಾಗಿ ಸೌಮ್ಯ, ವಯಸ್ಕರಲ್ಲಿ ತೀವ್ರ. ವೃದ್ಧಾಪ್ಯ, ಸಕ್ಕರೆ ಕಾಯಿಲೆ, ಹೃದಯ ಹಾಗೂ ಮೂತ್ರಪಿಂಡದ ರೋಗಗಳು, ಅಪೌಷ್ಟಿಕತೆ ಮತ್ತು ಗರ್ಭಾವಸ್ಥೆಗಳು ಹಲವು ವೈರಾಣು ರೋಗಗಳಲ್ಲಿ ಚೇತರಿಕೆಯನ್ನು ಕಠಿಣಗೊಳಿಸುತ್ತವೆ.

ಚಿಕಿತ್ಸೆಯ ಸಮಯ: ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ದೇಹದ ನೀರಿನಂಶ ಕಾಪಾಡುವುದು, ರಕ್ತಸ್ರಾವವನ್ನು ಗಮನಿಸುವುದು ಮತ್ತು ಅಗತ್ಯವಿದ್ದರೆ ರಕ್ತ ನೀಡುವುದು ಮುಖ್ಯ. ಬೇಗ ಆಸ್ಪತ್ರೆ ಸೇರಿದವನ ಮತ್ತು ಕಾಡಂಚಿನ ಮನೆಯಲ್ಲಿಯೇ ದಿನಗಳನ್ನು ಕಳೆದವನ ಚೇತರಿಕೆ ಒಂದೇ ತೆರನಾಗಿರುವುದಿಲ್ಲ. ಆಸ್ಪಿರಿನ್‌ನಂತಹ ನೋವುನಿವಾರಕಗಳು ರಕ್ತಸ್ರಾವವನ್ನು ಹೆಚ್ಚಿಸಬಹುದಾದ್ದರಿಂದ ವೈದ್ಯರನ್ನು ಕೇಳದೆ ಅವನ್ನು ಸೇವಿಸಬಾರದು.

ಜ್ವರಾನಂತರದ ನಿಶ್ಶಕ್ತಿ

ವೈರಾಣು ದೇಹದಿಂದ ಮರೆಯಾದ ಮೇಲೂ ಆಯಾಸ, ಮೈಕೈ ನೋವು, ನಿದ್ರೆಯ ತೊಂದರೆ ಮತ್ತು ಏಕಾಗ್ರತೆಯ ಕೊರತೆ ಉಳಿಯಬಹುದು. ಚಿಕೂನ್‌ಗುನ್ಯದ ಕೀಲುನೋವು ಹಾಗೂ ಕೋವಿಡ್‌ನ ದೀರ್ಘಕಾಲೀನ ತೊಂದರೆಗಳು ಇದಕ್ಕೆ ನಿದರ್ಶನಗಳು. ಆಸ್ಟ್ರೇಲಿಯಾದ ಡಬ್ಬೊ ಪಟ್ಟಣದ ಪರಿಸರದಲ್ಲಿ ಮೂರು ಬೇರೆ ಬೇರೆ ಸೋಂಕುಗಳಿಗೆ ಒಳಗಾದ 253 ಮಂದಿಯನ್ನು ಅನುಸರಿಸಿದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು ಶೇ. 12 ಮಂದಿ ಆರು ತಿಂಗಳ ನಂತರವೂ ಇಂತಹ ಆಯಾಸದಿಂದ ಬಳಲುತ್ತಿದ್ದರು. ಮೊದಲ ಕಾಯಿಲೆಯ ತೀವ್ರತೆಯೇ ಇದರ ಪ್ರಬಲ ಸೂಚಕವಾಗಿತ್ತು. ಹಿಂದಿನ ಮಾನಸಿಕ ಸ್ಥಿತಿಯಲ್ಲ.

ಸಾಮಾಜಿಕ ಮಹತ್ವ

ಮಂಗನ ಕಾಯಿಲೆಯ ಋತುವು ಅಡಿಕೆ ಕೊಯ್ಲು ಮತ್ತು ದರಕು ಸಂಗ್ರಹದ ಕಾಲದಲ್ಲಿಯೇ ಬರುತ್ತದೆ. ದಿನಗೂಲಿಯ ಕುಟುಂಬಗಳಲ್ಲಿ ಜ್ವರ ಇಳಿದೊಡನೆ ಕೆಲಸಕ್ಕೆ ಮರಳುವ ಒತ್ತಡವಿರುತ್ತದೆ. ನೆರೆಮನೆಯವನು ಹದಿನೈದು ದಿನಗಳಲ್ಲಿ ಎದ್ದು ಓಡಾಡಿದನೆಂಬ ಹೋಲಿಕೆಯಿಂದ, ನಿಧಾನವಾಗಿ ಚೇತರಿಸಿಕೊಳ್ಳುವವರನ್ನು ಮೈಗಳ್ಳರೆಂದು ಭಾವಿಸುವುದೂ ಉಂಟು. ಮೇಲಿನ ಕಾರಣಗಳನ್ನು ಗಮನಿಸಿದರೆ ಈ ಹೋಲಿಕೆಗೆ ಆಧಾರವಿಲ್ಲ. ಜ್ವರ ಬಿಟ್ಟ ನಂತರವೂ ಕನಿಷ್ಠ ಎರಡು ವಾರ ರೋಗಿಯ ಮೇಲೆ ನಿಗಾ ಇಡುವುದು, ತಲೆನೋವು ಅಥವಾ ಗೊಂದಲ ಮರುಕಳಿಸಿದರೆ ತಡಮಾಡದೆ ವೈದ್ಯರಿಗೆ ತೋರಿಸುವುದು, ದುಡಿಮೆಯನ್ನು ಹಂತಹಂತವಾಗಿ ಹೆಚ್ಚಿಸುವುದು ಸುರಕ್ಷಿತ ಕ್ರಮಗಳಾಗಿವೆ.